ಅಣ್ಣಮ್ಮನ ಹಿತ್ತಲಿನ ಚೀನಾ ಕೋಸು

ಚಿನಕುರಳಿಗೆ ಗ್ರಾಮಸೇವಿಕೆಯಾಗಿ ಹೋದಾಗ ನನಗೆ ಇಪ್ಪತ್ತೆರಡು ವರ್ಷ. ತಲೆ ತುಂಬ ಸರ್ಕಾರದ ಟ್ರೈನಿಂಗು, ಬಾಯಿ ತುಂಬ ಉಪದೇಶ. ಅರವತ್ತೊಂದನೇ ಇಸವಿಯ ಮುಂಗಾರಿನಲ್ಲಿ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ಪಾಂಡವಪುರದ ಬಸ್ಸಿನಿಂದ ಇಳಿದೆ. ಹೊನ್ನಪ್ಪನವರ ಮನೆಯ ಪಡಸಾಲೆಗೆ ಹೊಂದಿಕೊಂಡಿದ್ದ ಕೋಣೆ ನನಗೆ ಬಾಡಿಗೆಗೆ ಸಿಕ್ಕಿತು. ಹುಟ್ಟೂರು ಶ್ರೀರಂಗಪಟ್ಟಣದಲ್ಲಿ ನಾನು ಸರಸಮ್ಮ. ಇಲ್ಲಿಯವರು ಆ ಹೆಸರನ್ನು ಒಂದೇ ವಾರದಲ್ಲಿ ಮರೆತು ‘ಸೇವಕಮ್ಮ’ ಎಂದು ಕರೆಯತೊಡಗಿದರು. ಆಗ ಮೈ ಉರಿದುಹೋಗುತ್ತಿತ್ತು. ಈಗ ಯಾರಾದರೂ ಒಂದು ಸಲ ಹಾಗೆ ಕರೆಯಲಿ ಎಂದು ಆಸೆಯಾಗುತ್ತದೆ. ಕರೆಯುವವರು ಯಾರೂ ಉಳಿದಿಲ್ಲ.

ಆ ಮನೆಯಲ್ಲಿ ನನ್ನನ್ನು ಮೊದಲು ಮಾತಾಡಿಸಿದವಳು ಅಣ್ಣಮ್ಮ. ಹೊನ್ನಪ್ಪನವರ ತೀರಿಹೋದ ತಮ್ಮನ ಹೆಂಡತಿ. ಮದುವೆಯಾದ ಮೂರನೇ ವರ್ಷಕ್ಕೆ ಗಂಡ ಜ್ವರ ಬಂದು ಹೋಗಿದ್ದ, ಮಕ್ಕಳಿರಲಿಲ್ಲ. ನಾನು ಕಂಡಾಗ ಅವಳಿಗೆ ಮೂವತ್ತೈದರ ಆಸುಪಾಸು. ನನಗಿಂತ ದೊಡ್ಡವಳನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ, ನಿಜ. ‘ನೀವು’ ಅಂದರೆ ಅವಳು ಹಿಂದೆ ತಿರುಗಿ ಯಾರು ಬಂದರು ಎಂದು ನೋಡುತ್ತಿದ್ದಳು, ಅದಕ್ಕೇ ಬಿಟ್ಟೆ.

ತಮ್ಮನ ಹೆಂಡತಿ ಭಾವನ ಎದುರು ನಿಲ್ಲುವಂತಿಲ್ಲ, ನೇರ ಮಾತಾಡುವಂತಿಲ್ಲ. ಅದು ಆ ಮನೆಯ ರೀತಿ. ಹೊನ್ನಪ್ಪನವರು ಪಡಸಾಲೆಯಲ್ಲಿದ್ದರೆ ಅಣ್ಣಮ್ಮ ಅಡುಗೆಮನೆಯಿಂದಲೇ ಹಿತ್ತಲಿಗೆ ಇಳಿಯುತ್ತಿದ್ದಳು. ಹೇಳಬೇಕಾದ್ದು ಏನಿದ್ದರೂ ಬಾಗಿಲ ಮರೆಯಿಂದ, ‘ಅಕ್ಕ’ ಎಂದು ಅವಳು ಕರೆಯುತ್ತಿದ್ದ ಹೊನ್ನಪ್ಪನವರ ಹೆಂಡತಿ ದೊಡ್ಡತಾಯಮ್ಮನ ಮೂಲಕ. ಹೊನ್ನಪ್ಪನವರೂ ಅಷ್ಟೇ ಸೂಕ್ಷ್ಮದವರು. ಒಳಗೆ ಬರುವ ಮುಂಚೆ ಕೆಮ್ಮುತ್ತಿದ್ದರು. ಅಣ್ಣಮ್ಮ ಓಡಾಡುವ ಜಾಗವೆಂದು ಹಿತ್ತಲಿಗೆ ಕಾಲಿಟ್ಟವರೇ ಅಲ್ಲ. ಹದಿನೈದು ವರ್ಷ ಒಂದೇ ಸೂರಿನಡಿ ಇದ್ದು, ಇಬ್ಬರೂ ಒಬ್ಬರಿಗೊಬ್ಬರು ಒಂದು ಮಾತೂ ಆಡಿರಲಿಲ್ಲ.

ಆ ಹಿತ್ತಲು ಅಣ್ಣಮ್ಮನ ರಾಜ್ಯ. ಬಚ್ಚಲ ನೀರು ಹರಿದು ಬರುವ ಸಣ್ಣ ಕಾಲುವೆ, ಅದರ ಎರಡೂ ಕಡೆ ದಂಟು, ಕೀರೆ, ಮೆಣಸಿನ ಗಿಡ, ಚಪ್ಪರಕ್ಕೆ ಹೀರೆ, ಮೂಲೆಗೆ ನುಗ್ಗೆ. ಬೀಜವನ್ನೆಲ್ಲ ಬೂದಿಯಲ್ಲಿ ಹೊರಳಿಸಿ ಸೋರೆಬುರುಡೆಯಲ್ಲಿ ತುಂಬಿ ಅಟ್ಟದ ತೊಲೆಗೆ ನೇತುಹಾಕುತ್ತಿದ್ದಳು. ಬೀದಿಯ ಹೆಂಗಸರು ಬಂದು ಸೊಪ್ಪು ಮುರಿದುಕೊಂಡು ಹೋಗುತ್ತಿದ್ದರು. ‘ಒಂದ್ ಇಡಿ ಕೊಡವ್ವ’ ಎಂದು ಕೇಳಿದವರನ್ನು ಅಣ್ಣಮ್ಮ ಬೈಯುತ್ತಿದ್ದಳು, “ಸೊಪ್ಪಿಗೂ ಕೇಳ್ತಾರಾ? ಮುರ್ಕೊಂಡೋಗು” ಎಂದು. ಹಾಗೆ ಬೈಯುವಾಗ ಅವಳ ಮುಖ ನೋಡಬೇಕಿತ್ತು. ಕೊಡುವುದಕ್ಕೆ ತನ್ನದೂ ಒಂದಿದೆ ಎಂಬ ಹೆಮ್ಮೆ ಎಷ್ಟು ದೊಡ್ಡದು ಎಂದು ನನಗೆ ಆಗ ಅರ್ಥವಾಗಿರಲಿಲ್ಲ.

ಗಂಡನ ಆಸ್ತಿಯಲ್ಲಿ ವಿಧವೆಗೂ ಪಾಲುಂಟು ಎಂದು ಐವತ್ತಾರರಲ್ಲೇ ಕಾನೂನಾಗಿತ್ತು. ಆದರೆ ದೆಹಲಿಯಿಂದ ಚಿನಕುರಳಿಗೆ ಬಸ್ಸಿರಲಿಲ್ಲ, ಕಾನೂನು ಇನ್ನೂ ಬಂದು ತಲುಪಿರಲಿಲ್ಲ.

ನಾನು ಹೋದ ಮಾರನೇ ವರ್ಷ, ಸಂಕ್ರಾಂತಿ ಕಳೆದ ಮೇಲೆ, ಬ್ಲಾಕ್ ಆಫೀಸಿನಿಂದ ಹೊರದೇಶದ ತರಕಾರಿ ಬೀಜದ ಪೊಟ್ಟಣಗಳು ಬಂದವು. ಒಂದರ ಮೇಲೆ ಬಿಳಿ ದಂಟಿನ, ತಿಳಿಹಸಿರು ಎಲೆಯ, ಒಂದೂವರೆ ಗೇಣುದ್ದ ನೆಟ್ಟಗೆ ನಿಂತ ಕೋಸಿನ ಚಿತ್ರ. ಎಲೆಗಳು ಒಂದರೊಳಗೊಂದು ಸುತ್ತಿಕೊಂಡಿದ್ದವು. ಚೀನಾ ಕೋಸು ಅಂದರು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಜಾತಿಯವಳು ನಾನು. ಅಣ್ಣಮ್ಮನ ದಂಟು ಕೀರೆಯೆಲ್ಲ ನನ್ನ ಕಣ್ಣಿಗೆ ಸಪ್ಪೆಯಾಗಿ, ಪೊಟ್ಟಣವನ್ನು ಅವಳ ಕೈಗಿಟ್ಟೆ.

“ಎಂಗ್ ಆಕೋದು ಸೇವಕಮ್ಮಾರೆ?” ಎಂದಳು.

“ಎಲೆಕೋಸಿನ ಥರಾನೇ. ಒಟ್ಲು ಹಾಕು, ಆಮೇಲೆ ನಾಟಿ ಮಾಡು” ಎಂದು ಹೇಳಿ, ಬೇರೆ ಊರುಗಳ ಮಹಿಳಾ ಮಂಡಳಿಗಳಿಗೆಂದು ಹೊರಟುಬಿಟ್ಟೆ. ಆ ಕೋಸನ್ನು ನಾನು ಅದುವರೆಗೆ ಚಿತ್ರದಲ್ಲಲ್ಲದೆ ಕಂಡಿರಲಿಲ್ಲ. ಉಪದೇಶ ಮಾಡಲು ಕಾಣಲೇಬೇಕೆಂದು ಟ್ರೈನಿಂಗಿನಲ್ಲಿ ಯಾರೂ ಹೇಳಿರಲಿಲ್ಲ.

ನಾಲೆ ಬಯಲಲ್ಲಿ ಹುಟ್ಟಿ ಬೆಳೆದವರಿಗೆ ನಾಟಿ ಅಂದರೆ ಒಂದೇ, ಭತ್ತದ್ದು. ಅಣ್ಣಮ್ಮ ಒಟ್ಲಿನಲ್ಲಿ ಸಸಿ ಬಲು ಚೆನ್ನಾಗಿ ಎಬ್ಬಿಸಿದಳು. ಪೈರು ಬೆರಳುದ್ದ ಆದಾಗ ಕಿತ್ತು, ಬಕೆಟ್ಟಿನ ನೀರಿನಲ್ಲಿ ಬೇರನ್ನು ಅಲುಬಿ ಮಣ್ಣೆಲ್ಲ ಕಳೆದು, ಹುಲ್ಲಿನ ಎಳೆಯಿಂದ ಕಟ್ಟು ಕಟ್ಟಿ, ಒಂದು ದಿನ ನೀರಲ್ಲಿಟ್ಟು, ಮರುದಿನ ಸೆರಗು ಸಿಕ್ಕಿಸಿಕೊಂಡು ಹಿಂದುಹಿಂದಕ್ಕೆ ನಡೆಯುತ್ತ ಸಾಲಾಗಿ ನೆಟ್ಟಳು. ನಾನು ಬರುವಷ್ಟರಲ್ಲಿ ಅರ್ಧ ಸತ್ತಿದ್ದವು. ಉಳಿದರ್ಧ ಮಾರ್ಚಿನ ಬಿಸಿಲಿಗೆ ಉದ್ದಕ್ಕೆ ದಂಟು ಎಬ್ಬಿಸಿ, ಎಲೆ ಸುತ್ತಿ ಗಡ್ಡೆ ಕಟ್ಟುವ ಸುಳಿವೂ ಇಲ್ಲದೆ, ಸಾಸಿವೆಯ ಥರ ಹಳದಿ ಹೂ ಬಿಟ್ಟುಕೊಂಡು ನಿಂತಿದ್ದವು.

ಹೊನ್ನಪ್ಪನವರು ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ, “ಏನ್ ಸೇವಕಮ್ಮಾರೆ, ಅಷ್ಟ್ ದೂರದಿಂದ ಸಾಸ್ವೆ ತರ್ಸುದ್ರಂತೆ?” ಎಂದರು. ಹಿತ್ತಲು ನೋಡದಿದ್ದರೂ ಹೆಂಡತಿಯ ಬಾಯಿಂದ ಎಲ್ಲ ಗೊತ್ತು. ನಾಲ್ಕು ದಿನ ನಾನು ಅವರ ಮುಖ ನೋಡಲಿಲ್ಲ.

ಆ ಬೇಸಿಗೆಯಲ್ಲೇ ಅವರು ಒಂದು ಎಮ್ಮೆ ತಂದರು. ಒಳ್ಳೆಯ ಕರಾವಿನ ಎಮ್ಮೆ. ಇನ್ನೂ ಎರಡು ತಂದು ಕೆ.ಆರ್.ಎಸ್.ನ ಹೋಟೆಲುಗಳಿಗೆ ಹಾಲು ಹಾಕುವ ಯೋಚನೆ. ಕೊಟ್ಟಿಗೆಗೆ ಜಾಗ ಬೇಕು. ಜಾಗ ಇದ್ದದ್ದು ಹಿತ್ತಲಿನಲ್ಲಿ, ಅಲ್ಲೇ ಕಟ್ಟುತ್ತೇನೆ ಎಂದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಜಗಳ ಸುಲಭವಾಗುತ್ತಿತ್ತು.

ಮಾರನೇ ಬೆಳಿಗ್ಗೆ ಅಣ್ಣಮ್ಮ ಬಚ್ಚಲ ಒಲೆಗೆ ಉರಿ ಹಾಕುತ್ತಿದ್ದಳು. ನನ್ನನ್ನು ನೋಡದೆಯೇ ಹೇಳಿದಳು, “ಅವ್ರ್ದು ತಪ್ಪಿಲ್ಲ ಬುಡಿ. ಆದ್ರೆ ಇತ್ಲು ಹೋದ್ರೆ ನಾನು ಈ ಮನೇಲಿ ಬರೀ ಉಣ್ಣೋ ಬಾಯಿ ಕಣ್ ಸೇವಕಮ್ಮಾರೆ.”

ಆ ಮಾತು ಕೇಳಿ ನೆಟ್ಟಗೆ ಜಗಲಿಗೆ ಹೋಗಿ ಹೊನ್ನಪ್ಪನವರ ಎದುರು ನಿಂತು, ಅದು ಸಾಸಿವೆಯಲ್ಲ, ಕೋಸು, ತಪ್ಪು ನನ್ನದು, ಇನ್ನೊಂದು ಬೆಳೆಗೆ ಅವಕಾಶ ಕೊಡಿ ಎಂದೆ. ಅವರು ನಕ್ಕುಬಿಟ್ಟರು.

“ಆಯ್ತು ಬುಡಿ, ಬರೋ ಸಂಕ್ರಾಂತಿಗಂಟ ಬುಟ್ಟೆ. ಆ ಚಿತ್ರದಲ್ಲಿರೋ ಅಂಗೇ ಗಡ್ಡೆ ಕಟ್ಟುಸ್ಬುಟ್ರೆ ಇತ್ಲು ಅವಳ್ದೇ, ನಾನು ಕೊಟ್ಗೆ ಮಾತೇ ಎತ್ತಾಕಿಲ್ಲ. ಕಟ್ದೇ ಇದ್ರೆ ಅಬ್ಬದ ಮಾರ್ನೇ ದಿನ ಕಂಬ ನೆಡ್ತೀನಿ.”

ಬಾಗಿಲ ಮರೆಯಲ್ಲಿ ಬಳೆ ಸದ್ದಿರಲಿಲ್ಲ, ಅಣ್ಣಮ್ಮನ ಕೈಗೆ ಬಳೆಯಿರಲಿಲ್ಲ. ಆದರೂ ಅವಳು ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಮುಂದಿನ ಭಾನುವಾರ ಅಣ್ಣಮ್ಮನನ್ನು ಕರೆದುಕೊಂಡು ಬಸ್ಸು ಹತ್ತಿ ಕೆ.ಆರ್.ಎಸ್.ಗೆ ಹೋದೆ. ಅಲ್ಲಿ ಒಬ್ಬ ಎಂಜಿನಿಯರ ಬಂಗಲೆಯ ತೋಟಕ್ಕೆ ಮಂಚಯ್ಯ ಎಂಬ ಮಾಲಿ ಇದ್ದ. ಪರದೇಶದ ತರಕಾರಿಯೆಲ್ಲ ಅವನ ಕೈಯಲ್ಲಿ ಪಳಗಿವೆ ಎಂದು ಕೇಳಿದ್ದೆ. ಅಣ್ಣಮ್ಮ ನಾಟಿ ಮಾಡಿದ ಕತೆ ಹೇಳಿದ್ದೇ ತಡ, ಮಂಚಯ್ಯ ತಲೆಗೆ ಕೈ ಹೊತ್ತು ಕೂತ.

“ಬೇರ್ ತೊಳುದ್ರಾ? ಅಯ್ಯೋ ನಿಮ್ಮ! ಇದು ಬತ್ತ ಅಲ್ಲ ಕಣ್ರವ್ವ. ಉಟ್ಟಿದ್ ಜಾಗದಿಂದ ಕದಲ್ಸುದ್ರೆ ಇದು ಮುನಿಸ್ಕತದೆ. ಬೀಜ ಎಲ್ಲಿ ಊರ್ತೀರೋ ಅಲ್ಲೇ ಬೆಳೀಬೇಕು. ಬಿಸ್ಲು ಕಂಡ್ರೂ ಆಗಾಕಿಲ್ಲ, ಊವ ಬುಟ್ಬುಡ್ತದೆ. ಗೌರಿ ಅಬ್ಬ ಕಳೀಲಿ, ಮಳೆ ಇಳೀಲಿ, ಆಗ ಊರಿ. ಚಳಿ ಬೀಳೋ ಒತ್ಗೆ ಗಡ್ಡೆ ಕಟ್ತದೆ.”

ಅಣ್ಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ಗಂಡನ ಮನ್ಗೆ ಕಳಿಸ್ಬಾರ್ದ ಎಣ್ಣು ಅನ್ನಿ. ತೌರಲ್ಲೇ ಮಡಿಕ್ಕಬೇಕು.”

ಹೊರಡುವಾಗ ಮಂಚಯ್ಯ ಕಾಗದದಲ್ಲಿ ಒಂದು ಚಿಟಿಕೆ ಬೀಜ ಕಟ್ಟಿಕೊಟ್ಟ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ನನಗೋ ಅವಳಿಗೆ ಅಣೆಕಟ್ಟು ತೋರಿಸಿದೆನೆಂಬ ಸಂಭ್ರಮ. ಅವಳು ಅತ್ತ ತಿರುಗಿಯೂ ನೋಡಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಪಿತೃಪಕ್ಷ ಕಳೆದ ಮೇಲೆ ಊರಿದೆವು. ಹಳೇ ಸಗಣಿ ಗೊಬ್ಬರ ಹಾಕಿ ಮಣ್ಣನ್ನು ರಾಗಿಹಿಟ್ಟಿನ ಹದಕ್ಕೆ ಪುಡಿ ಮಾಡಿ, ಒಂದೂವರೆ ಗೇಣಿಗೊಂದರಂತೆ ಬೆರಳ ತುದಿಯಷ್ಟು ಗುಳಿ, ಗುಳಿಗೆ ಮೂರು ಬೀಜ, ಮೇಲೆ ಚಿಟಿಕೆ ಮಣ್ಣು. ನಾಲ್ಕನೇ ದಿನಕ್ಕೆ ಮೊಳಕೆ ಕಂಡವು. ತೆಂಗಿನ ಗರಿಯ ನೆರಳು ಮಾಡಿದಳು. ಎಲೆ ನಾಲ್ಕಾದಾಗ ಗುಳಿಗೆ ಒಂದೇ ಗಟ್ಟಿ ಸಸಿ ಉಳಿಸಿ ಮಿಕ್ಕಿದ್ದನ್ನು ಮಸ್ಸೊಪ್ಪಿಗೆ ಹಾಕಿದಳು. ಆ ಸಾರಿನ ರುಚಿ ನನ್ನ ನಾಲಗೆಯ ಮೇಲೆ ಇನ್ನೂ ಇದೆ. ಎಲೆಗೆ ಹೇನು ಹತ್ತಿದ್ದು ಕಂಡರೆ ಬೆಳಗಿನ ಇಬ್ಬನಿಯಲ್ಲೇ ಬೂದಿ ಎರಚುವಳು, ಹುಳವನ್ನು ಎಲೆ ಮಗುಚಿ ಮಗುಚಿ ಆರಿಸುವಳು. ಸೊಪ್ಪಿಗೆ ಬಂದ ಹೆಂಗಸರು ಈ ಹೊಸ ಎಲೆಗೂ ಕೈ ಹಾಕಿದಾಗ, ಜನ್ಮದಲ್ಲಿ ಮೊದಲ ಸಲ ಅವಳ ಬಾಯಿಂದ ‘ಬೇಡ’ ಬಂತು. ಹೇಳಿ, ಆಮೇಲೆ ಇಡೀ ದಿನ ಒದ್ದಾಡಿದಳು.

ಅದೇ ವೇಳೆಗೆ ಗಡಿಯಲ್ಲಿ ಚೀನಾದೊಡನೆ ಯುದ್ಧ. ಪಂಚಾಯಿತಿ ರೇಡಿಯೋ ಮುಂದೆ ಊರೆಲ್ಲ ಕೂರುತ್ತಿತ್ತು. ಚೀನಾ ಎಂಬ ಮಾತು ಎತ್ತಬೇಡ ಎಂದು ನನ್ನ ಮೇಲಿನವರು ಎಚ್ಚರಿಸಿದರು. ಅಣ್ಣಮ್ಮನಿಗೆ ಹೇಳಿದರೆ, “ಗಿಡ ಏನ್ ಮಾಡ್ತು ಪಾಪ” ಎಂದು ನೀರು ಹೊಯ್ಯುತ್ತ ಹೋದಳು.

ಮುಂದೆ ನನಗೆ ಕೆ.ಆರ್. ಪೇಟೆಗೆ ವರ್ಗವಾಯಿತು, ಅಲ್ಲಿಂದ ನಾಗಮಂಗಲಕ್ಕೆ. ಸಿಂಧಘಟ್ಟದಲ್ಲಿ ನಾಲ್ಕು ವರ್ಷ ಇದ್ದೆ. ಹೋದಲ್ಲೆಲ್ಲ ಹೆಂಗಸರ ಹಿತ್ತಲಿನಲ್ಲಿ ಕೂತು ಆ ಕೋಸು ಬೆಳೆಸಿದೆ, ಹೋದಲ್ಲೆಲ್ಲ ಮೊದಲು ಹೇಳಿದ್ದು ‘ಬೇರು ತೊಳೀಬೇಡಿ’ ಎಂದೇ. ಸರ್ಕಾರ ನನಗೆ ಎರಡು ಸರ್ಟಿಫಿಕೇಟು ಕೊಟ್ಟಿತು. ಅವು ಎಲ್ಲಿವೆಯೋ ಗೊತ್ತಿಲ್ಲ. ಅಣ್ಣಮ್ಮ ಎಲೆ ಮಗುಚುತ್ತಿದ್ದ ಬೆರಳುಗಳು ಮಾತ್ರ ಕಣ್ಣು ಮುಚ್ಚಿದರೆ ಕಾಣುತ್ತವೆ.

ಆ ವರ್ಷ ಅಣ್ಣಮ್ಮನ ಹಿತ್ತಲಿನಲ್ಲಿ ಡಿಸೆಂಬರಿನ ಚಳಿಗೆ ಕೋಸಿನ ನಡುವಿನ ಎಲೆಗಳು ಒಳಕ್ಕೆ ಬಾಗತೊಡಗಿದವು. ಅವಳು ಬಾಳೆಯ ನಾರು ಒದ್ದೆ ಮಾಡಿ, ಒಂದೊಂದು ಗಿಡದ ಸೊಂಟಕ್ಕೂ ಹಗುರವಾಗಿ ಕಟ್ಟಿದಳು. ಹದಿನೈದು ದಿನಕ್ಕೆ ಇಪ್ಪತ್ತೆರಡು ಗಿಡವೂ ಗಡ್ಡೆ ಕಟ್ಟಿ, ಒತ್ತಿದರೆ ಬೆರಳು ಇಳಿಯದಷ್ಟು ಬಿಗಿಯಾದವು. ಪೊಟ್ಟಣದ ಚಿತ್ರ ಅವುಗಳ ಮುಂದೆ ಏನೂ ಅಲ್ಲ.

“ಕುಯ್ದು ಒಂದ ಅಕ್ಕನ ಕೈಲಿ ಅವ್ರಿಗೆ ಕೊಟ್ಟು ಕಳುಸ್ಲಾ?” ಎಂದಳು.

ಇಲ್ಲಿ ನನ್ನ ಬುದ್ಧಿ ಹಾಳಾಯಿತು. ಬ್ಲಾಕಿನ ಸಾಹೇಬರು ಮುಂದಿನ ವಾರ ಬರುವವರಿದ್ದರು. ಇಪ್ಪತ್ತೆರಡೂ ಸಾಲಾಗಿ ನಿಂತಿರುವುದನ್ನು ಅವರು ನೋಡಬೇಕು, ನನ್ನ ಬೆನ್ನು ತಟ್ಟಬೇಕು. “ಒಂದು ವಾರ ತಡಿ, ಒಂದನ್ನೂ ಕುಯ್ಯಬೇಡ. ಸಂಕ್ರಾಂತಿಗೆ ಇನ್ನೂ ದಿನ ಇದೆ” ಎಂದೆ. ಅವಳು ತಡೆದಳು. ನನ್ನ ಮಾತು ಅವಳಿಗೆ ಅಷ್ಟು ದೊಡ್ಡದಾಗಿತ್ತು.

ಅದು ಸುಗ್ಗಿಯ ಕಾಲ, ಹೊನ್ನಪ್ಪನವರಿಗೆ ಹೆಂಡತಿಯ ಬಾಯಿಂದ ಹಿತ್ತಲ ಸುದ್ದಿ ಕೇಳಲೂ ಬಿಡುವಿರಲಿಲ್ಲ. ಆ ದಿನ ಬೆಳಿಗ್ಗೆ ಹೊನ್ನಪ್ಪನವರು ಎಮ್ಮೆಯನ್ನು ಅಂಗಳದ ಗೂಟಕ್ಕೆ ಅವಸರದಲ್ಲಿ ಕಟ್ಟಿ ಕಣಕ್ಕೆ ಓಡಿದ್ದರು. ಅಣ್ಣಮ್ಮ ಬಟ್ಟೆ ಒಗೆಯಲು ನಾಲೆಗೆ ಹೋಗಿದ್ದಳು. ನಾನು ಕೋಣೆಯಲ್ಲಿ ತಿಂಗಳ ವರದಿ ಬರೆಯುತ್ತಿದ್ದೆ, ಚೀನಾ ಕೋಸಿನ ಬಗ್ಗೆಯೇ, ಉದ್ದುದ್ದ. ಹಿಂದೆ ಏನೋ ಮುರಿಯುವ ಸದ್ದು ಕೇಳಿ ಹೋಗಿ ನೋಡಿದರೆ ಎಮ್ಮೆ ಹಿತ್ತಲ ನಡುವೆ ನಿಂತಿತ್ತು. ಬಾಯಿಂದ ಬಿಳಿ ದಂಟು ಜೋತಾಡುತ್ತಿತ್ತು. ತಿಂದದ್ದು ಅರ್ಧ, ತುಳಿದದ್ದು ಅರ್ಧ. ಇಪ್ಪತ್ತೆರಡರಲ್ಲಿ ಒಂದೂ ಉಳಿದಿರಲಿಲ್ಲ.

ಅಣ್ಣಮ್ಮ ಒದ್ದೆ ಬಟ್ಟೆಯ ಕುಕ್ಕೆ ಹೊತ್ತು ಬಂದಳು. ಕುಕ್ಕೆ ಇಳಿಸಿದಳು. ನಾನು ಗೊಳೋ ಎಂದು ಅತ್ತೆ. ನನ್ನಿಂದ ಆಯಿತು, ನನ್ನ ದುರಾಸೆಯಿಂದ ಆಯಿತು ಎಂದೆ. ಅವಳು ಅಳಲಿಲ್ಲ. ದೊಡ್ಡತಾಯಮ್ಮ ಓಡಿಬಂದು, “ಬುಡು ಅಣ್ಣಮ್ಮ, ಬಾಯಿಲ್ಲದ್ ಪ್ರಾಣಿ, ಅದುಕ್ಕೇನ್ ಗೊತ್ತು” ಎಂದಳು.

ಅಣ್ಣಮ್ಮ ಸೆರಗು ಸಿಕ್ಕಿಸಿ, ಎಮ್ಮೆಯ ಹಗ್ಗ ಹಿಡಿದು, ಅಂಗಳ ದಾಟಿ ಬೀದಿಗೆ ಎಳೆದಳು.

“ಎಲ್ಲಿಗೆ?” ಎಂದಳು ದೊಡ್ಡತಾಯಮ್ಮ.

“ದೊಡ್ಡಿಗೆ ಅಕ್ಕ.”

ಆಗೆಲ್ಲ ಊರೂರಿಗೂ ಒಂದು ದೊಡ್ಡಿ. ಬೆಳೆ ಮೇಯ್ದ ದನವನ್ನು ಬೆಳೆಯ ಒಡೆಯ ಅಲ್ಲಿಗೆ ಹೊಡೆದುಕೊಂಡು ಹೋಗಿ ಕೂಡುತ್ತಿದ್ದ. ದನದ ಒಡೆಯ ದಂಡ ಕಟ್ಟಿ ಬಿಡಿಸಿಕೊಳ್ಳಬೇಕು. ಆದರೆ ತನ್ನ ಮನೆಯ ಎಮ್ಮೆಯನ್ನು ತಾನೇ ದೊಡ್ಡಿಗೆ ಹೊಡೆದವರನ್ನು ಊರು ಕಂಡಿರಲಿಲ್ಲ. ಅದರಲ್ಲೂ ಹೆಂಗಸು, ಅದರಲ್ಲೂ ಅಣ್ಣಮ್ಮ. ಜಗಲಿಗಳಿಂದ ಜನ ಎದ್ದು ಹಿಂದೆಯೇ ಬಂದರು. “ಬೇಲೀನೇ ಎದ್ದು ಒಲ ಮೇದಂಗಾಯ್ತಲ್ಲೋ” ಎಂದು ಯಾರೋ ಅಂದರು.

ದೊಡ್ಡಿ ಕಾಯುವ ಚೌಡಯ್ಯ ನೇಮದ ಮನುಷ್ಯ. ಬುಕ್ಕು ತೆಗೆದ, ಪೆನ್ಸಿಲ್ಲಿನ ಮೊನೆಗೆ ಎಂಜಲು ಹಚ್ಚಿದ.

“ಯಾರ ಎಮ್ಮೆ?”

“ನಮ್ ಭಾವಾರ್ದು.”

“ಯಾರ ಬೆಳೆ ಮೇದದೆ?”

“ನಂದು. ನನ್ ಇತ್ಲಲ್ಲಿ.”

ಪೆನ್ಸಿಲ್ಲು ನಿಂತಿತು. “ಇತ್ಲು ಒನ್ನಪ್ಪಾರ್ದಲ್ವೇನವ್ವ? ಅವ್ರ ಎಮ್ಮೆ ಅವ್ರ ಇತ್ಲಲ್ಲೇ ಮೇದ್ರೆ ನಾನೆಂಗೆ ದಂಡ ಆಕ್ಲಿ?”

“ಅವ್ರೇ ಬಂದು ಯೋಳ್ಳಿ” ಎಂದಳು ಅಣ್ಣಮ್ಮ.

ಆಗ ನನಗೆ ಹೊಳೆಯಿತು ಇವಳು ಏನು ಮಾಡಲು ಹೊರಟಿದ್ದಾಳೆಂದು. ಹೊನ್ನಪ್ಪನವರು ‘ಹಿತ್ತಲು ನಂದೇ’ ಎಂದು ಒಂದು ಮಾತು ಅಂದರೆ ಮುಗಿಯಿತು. ಎಮ್ಮೆ ಪುಕ್ಕಟೆ ಮನೆಗೆ, ಹಿತ್ತಲು ಕೊಟ್ಟಿಗೆಗೆ, ಅಣ್ಣಮ್ಮನ ಮಾತು ಊರ ಮುಂದೆ ಸುಳ್ಳು. ಪಂದ್ಯವೂ ಅವರದೇ. ತೋರಿಸಲು ಒಂದು ಗಡ್ಡೆಯೂ ನಮ್ಮ ಬಳಿ ಇರಲಿಲ್ಲ.

ಯಾರೋ ಹೋಗಿ ಕರೆದರು. ಹೊನ್ನಪ್ಪನವರು ಕಣದಿಂದ ಹಾಗೇ ಬಂದರು, ತಲೆಯ ಮೇಲೆಲ್ಲ ಹುಲ್ಲಿನ ಚೂರು. ಎಮ್ಮೆ, ಜನ, ಚೌಡಯ್ಯನ ಬುಕ್ಕು, ಎಲ್ಲವನ್ನೂ ನೋಡಿದರು. ಅಣ್ಣಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಆದರೆ ನಿಂತಲ್ಲಿಂದ ಸರಿಯಲಿಲ್ಲ. ಹೊನ್ನಪ್ಪನವರಿಗೆ ಅತ್ತ ದರಿ, ಇತ್ತ ಪುಲಿ. ಹಿತ್ತಲು ಅವಳದೆಂದರೆ ಕೊಟ್ಟಿಗೆ ಹೋಯಿತು, ಅಲ್ಲವೆಂದರೆ ತಮ್ಮನ ಹೆಂಡತಿಯ ಬಾಯಿಂದ ಬೀದಿಯಲ್ಲಿ ಅನ್ನ ಕಿತ್ತುಕೊಂಡಂತೆ.

ಅವರು ಎಮ್ಮೆಯ ಬಾಯಿಗೆ ಅಂಟಿದ್ದ ಬಿಳಿ ದಂಟಿನ ಚೂರನ್ನು ಬೆರಳಿನಿಂದ ತೆಗೆದರು. ಆಮೇಲೆ ಯಾರ ಮುಖವನ್ನೂ ನೋಡದೆ ಕೇಳಿದರು, “ಗಡ್ಡೆ ಕಟ್ಟಿತ್ತಾ?”

ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣಮ್ಮನೇ ಹೇಳಿದಳು. ಹದಿನೈದು ವರ್ಷದಲ್ಲಿ ಭಾವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

“ಕಟ್ಟಿತ್ತು ಭಾವ. ಇಪ್ಪತ್ತೆರಡೂ ಕಟ್ಟಿತ್ತು.”

ಅವರು ನನ್ನತ್ತ ತಿರುಗಿ ಸಾಕ್ಷಿ ಕೇಳಲಿಲ್ಲ. ಸೊಂಟದ ಎಲೆಯಡಿಕೆ ಚೀಲದ ದಾರ ಸಡಿಲಿಸಿ, ದಂಡದ ದುಡ್ಡು ತೆಗೆದು ಚೌಡಯ್ಯನ ಮುಂದಿಟ್ಟರು.

“ಬರ್ಕೊಳ್ಳಪ್ಪ ಚೌಡಯ್ಯ. ಎಮ್ಮೆ ನಂದು. ಬೆಳೆ ಅಣ್ಣಮ್ಮಂದು. ಇತ್ಲೂ ಅಣ್ಣಮ್ಮಂದು.”

ಜನ ದಾರಿ ಬಿಟ್ಟರು. ಹೊನ್ನಪ್ಪನವರು ಹಗ್ಗ ಹಿಡಿದು ಮುಂದೆ, ಹತ್ತು ಮಾರು ಹಿಂದೆ ಅಣ್ಣಮ್ಮ, ಅವಳ ಪಕ್ಕ ನಾನು. ನನ್ನ ಕಾಲು ನೆಲದ ಮೇಲಿರಲಿಲ್ಲ. ಅವಳ ಕೈ ಹಿಡಿದುಕೊಂಡೆ. ಮನೆಯ ಹತ್ತಿರ ಬಂದಾಗ ಹೊನ್ನಪ್ಪನವರು ಅಂಗಳದೊಳಕ್ಕೆ ನುಗ್ಗದೆ ಬೀದಿಯಲ್ಲೇ ನಿಂತರು. ಆ ಮನೆಯಲ್ಲಿ ಯಾವುದನ್ನು ಎಲ್ಲಿ ಕಟ್ಟಬೇಕೆಂದು ಇನ್ನೊಬ್ಬರನ್ನು ಎಂದೂ ಕೇಳಿದವರಲ್ಲ ಅವರು.

“ಇದ್ನ ಎಲ್ಲಿ ಕಟ್ಲವ್ವ?” ಎಂದರು.

ಅಣ್ಣಮ್ಮ ಬೀದಿಯಾಚೆಗೆ ಕೈ ತೋರಿಸಿದಳು.

“ಆಚೆ ಬೇವಿನ್ ಮರುಕ್ಕೆ ಕಟ್ಟಿ ಭಾವ. ನಾಳೆ ಇತ್ಲಿಗೆ ದಂಟು ಚೆಲ್ತೀನಿ.”

“ಊಂ ಕಣವ್ವ” ಎಂದು ಅವರು ಎಮ್ಮೆಯನ್ನು ಬೇವಿನ ಮರದತ್ತ ಹೊಡೆದುಕೊಂಡು ಹೋದರು.